ಏಳು ವರ್ಷದ ರಾಜ್ಯದ ಅಂಚೆಚೀಟಿ

ಅಂಚೆಚೀಟಿ ಕೂಡಿಡುವುದನ್ನು ಮಕ್ಕಳಾಟವೆಂದು ಎಣಿಸುವವರೇ ಹೆಚ್ಚು. ಕಾರವಾರದಲ್ಲಿ ಬೆಳೆದ ನಮ್ಮ ಪೀಳಿಗೆಯ ಹುಡುಗರಿಗೆ ಅದು ಅಷ್ಟು ಸರಳವಾಗಿರಲಿಲ್ಲ. ಕಾಳೀ ನದಿಯನ್ನು ದೋಣಿಯಲ್ಲಿ ದಾಟಿ, ಸದಾಶಿವಗಡ, ಮಾಜಾಳಿಗಳನ್ನು ಹಾಯ್ದರೆ ಪರರಾಜ್ಯ. ಬೈತಖೋಲದ ಗುಡ್ಡವನ್ನೇರಿ ತೆಂಕಣಕ್ಕೆ ನೋಡಿದರೆ ಕಡಲಲ್ಲಿ ಅಂಜದೀವ. ಅದರ ಮೇಲೂ ಪೋರ್ತುಗೀಜರ ಬಾವುಟ. ನೆರೆಮನೆಗೆ ಕಾಣಕೋಣದ ನೆಂಟರಿಂದ ಕಾಗದ ಬಂದಿತೆಂದರೆ ಲಕೋಟೆಯ ಮೂಲೆಗಾಗಿ ಕಾದು ನಿಲ್ಲುವವರಲ್ಲಿ ನಾನೂ ಒಬ್ಬ. ಗೋವೆಯ ಆಡಳಿತವು 1871ರಿಂದಲೇ ತನ್ನದೇ ಚೀಟಿಗಳನ್ನು ಹೊರಡಿಸುತ್ತ ಬಂದಿತ್ತು. ಬೆಲೆ ರೇಯಿಸುಗಳಲ್ಲಿ, ಟಾಂಗಗಳಲ್ಲಿ. ಚಿತ್ರ ವಾಸ್ಕೋ ಡ ಗಾಮನದು, ಅಲ್ಬುಕರ್ಕನದು.

ಅಪ್ಪನಿಗೆ ಈ ತಲೆಗಳನ್ನು ಕಂಡರಾಗದು. ಅವರು ಅಂಕೋಲೆಯವರು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಅಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದಾಗ ಆ ಜನಸಾಗರದಲ್ಲಿ ನಿಂತಿದ್ದ ತರುಣರಲ್ಲಿ ಒಬ್ಬರು; ಮುಂದೆ ಕರನಿರಾಕರಣೆಯ ಕಾಲದಲ್ಲಿ ಸೆರೆಮನೆ ಕಂಡವರು. "ಒಬ್ಬರನ್ನು ಹೊರಗಟ್ಟಿ ಇನ್ನೊಬ್ಬರನ್ನು ಪುಸ್ತಕದಲ್ಲಿ ಅಂಟಿಸಿಕೊಳ್ಳುತ್ತೀಯಲ್ಲೋ" ಎನ್ನುತ್ತಿದ್ದರು. ನಾನು ಆ ಪುಸ್ತಕವನ್ನು ಅಕ್ಕಿಯ ಕಣಜದ ಹಿಂದೆ ಬಚ್ಚಿಡುತ್ತಿದ್ದೆ.

ಇಂಥ ಮನೆಯೊಳಕ್ಕೆ ಹಗಲಿನಲ್ಲೇ, ಎದುರು ಬಾಗಿಲಿನಿಂದಲೇ ಬರಲು ಯೋಗ್ಯವಾದ ಒಂದು ಚೀಟಿಯ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇನೆ. ಅದನ್ನು ಹೊರಡಿಸಿದ ರಾಜ್ಯ ಬದುಕಿದ್ದು ಏಳೇ ವರ್ಷ.

ದಮಣದ ಒಳನಾಡಿನಲ್ಲಿ, ಸುತ್ತಲೂ ಭಾರತದ ನೆಲವಿದ್ದು ನಡುವೆ ಸಿಕ್ಕಿಕೊಂಡಿದ್ದ ಎರಡು ತುಣುಕುಗಳು ದಾದ್ರಾ ಮತ್ತು ನಗರಹವೇಲಿ. ಎರಡೂ ಸೇರಿ ಐದುನೂರು ಚದರ ಕಿಲೋಮೀಟರಿಗೂ ಕಡಿಮೆ. 1954ರ ಜುಲೈ ತಿಂಗಳ ಕಡೆಯ ವಾರಗಳಲ್ಲಿ ಗೋವೆಯ ವಿಮೋಚನಾ ಪಂಗಡಗಳ ಸ್ವಯಂಸೇವಕರು ದಾದ್ರಾವನ್ನೂ ನರೋಲಿಯನ್ನೂ ಹಿಡಿದರು. ಆಗಸ್ಟ್ 2ರಂದು ಸಿಲ್ವಾಸಾ ಕೈವಶವಾಯಿತು. ಅವರಲ್ಲಿ ಸುಧೀರ ಫಡಕೆಯವರೂ ಇದ್ದರು. ಹೌದು, ರೇಡಿಯೋದಲ್ಲಿ ನಾವು ತಲೆದೂಗಿ ಕೇಳುತ್ತಿದ್ದ ಆ ಗಾಯಕರೇ. ಶಸ್ತ್ರಗಳಿಗೆ ಹಣ ಬೇಕಾಗಿದ್ದಾಗ ಲತಾ ಮಂಗೇಶಕರರು ಪುಣೆಯಲ್ಲಿ ಹಾಡಿ ಕೂಡಿಸಿಕೊಟ್ಟರು. ದಾಳಿಗೆ ಸಂಗೀತಸಭೆಯ ಟಿಕೀಟಿನ ಹಣ ಒದಗಿದ್ದು ಇತಿಹಾಸದಲ್ಲಿ ಅಪರೂಪವೇ ಇರಬೇಕು.

ಗೆದ್ದ ಮೇಲೆ ಆಳುವವರಾರು? ಭಾರತ ಸರಕಾರ ಆ ನೆಲವನ್ನು ಒಡನೆಯೇ ತನ್ನದೆನ್ನಲಿಲ್ಲ. ವರಿಷ್ಠ ಪಂಚಾಯತಿಯೆಂಬ ಸಭೆಯೊಂದು ಆಡಳಿತವನ್ನು ನಡೆಸಿತು. ರಾಜ್ಯವೆಂದ ಮೇಲೆ ಅಂಚೆ ಬೇಕು. ಹೊಸದನ್ನು ಅಚ್ಚು ಹಾಕಿಸಲು ಪುರಸತ್ತೆಲ್ಲಿ? ಪೋರ್ತುಗೀಜ್ ಚೀಟಿಗಳ ಮೇಲೆಯೇ 'ಲಿಬರೇಟೆಡ್ ಏರಿಯಾಸ್', ಎಂದರೆ ವಿಮೋಚಿತ ಪ್ರದೇಶಗಳು, ಎಂಬ ಎರಡು ಶಬ್ದಗಳನ್ನು ಒತ್ತಿದರು. ಚಿತ್ರವನ್ನು ಕಿತ್ತೊಗೆಯಲಿಲ್ಲ, ಅದರ ಮೇಲೆ ಬರೆದರು. ಯಾವ ಕ್ರಾಂತಿಯೂ ಮೊದಲ ದಿನ ಮಾಡಬಲ್ಲದ್ದು ಅಷ್ಟೇ ಎಂದು ನನಗೆ ತೋರುತ್ತದೆ.

ಪೋರ್ತುಗಲ್ಲು ಸುಮ್ಮನಿರಲಿಲ್ಲ. 1955ರ ಡಿಸೆಂಬರಿನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದೂರು ಒಯ್ದಿತು. 1960ರ ಏಪ್ರಿಲ್ 12ರ ತೀರ್ಪು ವಿಚಿತ್ರವಾದುದು: ಪೋರ್ತುಗೀಜರ ಅಧಿಕಾರಿಗಳಿಗೂ ಸಾಮಾನು ಸರಂಜಾಮಿಗೂ ಭಾರತದ ನೆಲದ ಮೇಲೆ ಹಾದುಹೋಗುವ ಹಕ್ಕು ಇತ್ತು, ಸೈನ್ಯಕ್ಕೂ ಶಸ್ತ್ರಕ್ಕೂ ಇರಲಿಲ್ಲ, ಭಾರತ ತಪ್ಪೆಸಗಿಲ್ಲ. ಈ ನಡುವೆ 1957ರಲ್ಲಿ ಗೋವೆಯ ಅಂಚೆ ಇಲಾಖೆ ದಮಣ, ದಾದ್ರಾ, ನಗರಹವೇಲಿಗಳ ಭೂಪಟವನ್ನೇ ಚೀಟಿಗಳ ಮೇಲೆ ಅಚ್ಚು ಹಾಕಿಸಿತು. ಕೈತಪ್ಪಿ ಮೂರು ವರ್ಷವಾದ ನೆಲದ ಭೂಪಟ! ಅದೊಂದು ನನ್ನಲ್ಲಿದೆ, ಬಣ್ಣ ಮಾಸಿಲ್ಲ.

ಮೇಲಚ್ಚಿನ ಚೀಟಿ ನನಗೆ ದೊರೆತದ್ದು 1960ರಲ್ಲಿ, ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯಿಂದ. ಮೂರು ರೂಪಾಯಿ ಕೊಟ್ಟೆ. ತಿಂಗಳ ಊಟದ ಹಣದಲ್ಲಿ ಅದು ಸಣ್ಣ ಪಾಲಲ್ಲ. ಊರಿಗೆ ಬಂದು ಅಪ್ಪನ ಕೈಯಲ್ಲಿಟ್ಟೆ. ಅವರು ಕನ್ನಡಕವನ್ನೇರಿಸಿ ಬಹಳ ಹೊತ್ತು ನೋಡಿ, "ಇದು ಇರಲಿ" ಎಂದರು. ಅಂದಿನಿಂದ ಪುಸ್ತಕ ಕಣಜದ ಹಿಂದಿನಿಂದ ಹೊರಬಿದ್ದಿತು. ಬಂದ ನೆಂಟರಿಗೆಲ್ಲ ಅಪ್ಪನೇ ತೋರಿಸುವರು.

ಮರುವರ್ಷ ಆ ರಾಜ್ಯವೇ ಮುಗಿಯಿತು. ಬಡಲಾನಿ ಎಂಬ ಅಧಿಕಾರಿಯನ್ನು ಪ್ರಧಾನಮಂತ್ರಿಯೆಂದು ಹೆಸರಿಸಿ, ಅವರಿಂದ ನೆಹರೂ ಅವರೊಡನೆ ವಿಲೀನದ ಒಪ್ಪಂದಕ್ಕೆ ಸಹಿ ಹಾಕಿಸಿದರು. 1961ರ ಆಗಸ್ಟ್ 11ರಂದು ಅದು ಭಾರತದ ಕೇಂದ್ರಾಡಳಿತ ಪ್ರದೇಶವಾಯಿತು. ಡಿಸೆಂಬರಿನಲ್ಲಿ ಗೋವೆಯೂ ಬಂದಿತು. ನಮ್ಮ ಕಣ್ಣೆದುರಿನ ಅಂಜದೀವದಲ್ಲಿ ಏಳು ಮಂದಿ ನಾವಿಕರು ಮಡಿದರು. ಅದು ನಮಗೆ ಬರಿಯ ಸುದ್ದಿಯಾಗಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, 1984ರಲ್ಲಿ, ಒಳ್ಳೆಯ ಭೂತಗನ್ನಡಿಯೊಂದು ಕೈಗೆ ಬಂದಾಗ ಹಳೆಯ ಚೀಟಿಗಳನ್ನೆಲ್ಲ ಮತ್ತೆ ನೋಡುತ್ತ ಕುಳಿತೆ. ಬಳಸಿದ ಚೀಟಿಯಲ್ಲಿ ಮೇಲಚ್ಚು ಮೊದಲು, ಅಂಚೆಯ ಮುದ್ರೆ ಆಮೇಲೆ ಬೀಳಬೇಕು. ನನ್ನದರಲ್ಲಿ ಮುದ್ರೆಯ ಮಸಿ ಕೆಳಗಿತ್ತು, ಶಬ್ದಗಳ ಮಸಿ ಅದರ ಮೇಲಿತ್ತು. 'ಏರಿಯಾಸ್' ಎಂಬುದರ ಅಡಿಯಲ್ಲಿ ಮಡಗಾಂವದ ಹೆಸರಿನ ಅರ್ಧ ಕಾಣಿಸಿತು. ಎಂದೋ ಮಡಗಾಂವದಲ್ಲಿ ಬಳಸಿ ಬಿಸಾಡಿದ ಚೀಟಿಗೆ ಯಾವನೋ ಜಾಣ ಕೈಅಚ್ಚಿನಿಂದ ಸ್ವಾತಂತ್ರ್ಯ ಕೊಟ್ಟಿದ್ದ! ಭೂಪಟದ ಚೀಟಿ ಅಸಲು, ಅದು ಹೇಳುವುದು ಸುಳ್ಳು. ಇದು ನಕಲಿ, ಹೇಳುವ ಮಾತು ನಿಜ.

ಆಗ ಅಪ್ಪ ಹಾಸಿಗೆ ಹಿಡಿದಿದ್ದರು. ಒಂದು ಸಂಜೆ, "ಆ ನಮ್ಮ ಚೀಟಿ ಎಲ್ಲಿ?" ಎಂದು ಕೇಳಿದರು. ಕೊಟ್ಟೆ. ಪಕ್ಕದಲ್ಲಿದ್ದ ಭೂತಗನ್ನಡಿಯನ್ನು ಅವರೇ ಎತ್ತಿಕೊಂಡು ನೋಡಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬೇರೇನನ್ನೋ ಹೇಳತೊಡಗಿದರು: "ಅಂಕೋಲೆಯಲ್ಲಿ ಮೊದಲನೆಯ ಪೊಟ್ಟಣವನ್ನು ಹರಾಜು ಹಾಕಿದರು, ಮೂವತ್ತು ರೂಪಾಯಿಗೆ ಹೋಯಿತು. ನಾನೂ ಒಂದು ಹಿಡಿ ತಂದಿದ್ದೆ. ಅರ್ಧಕ್ಕರ್ಧ ಮಳಲು. ನಿನ್ನ ಅಜ್ಜಿ ಸಾರಿಗೆ ಹಾಕಲಾರದೆ ದೇವರ ಮುಂದಿಟ್ಟಳು."

ನಾನು ಏನೂ ಹೇಳಲಿಲ್ಲ. ಚೀಟಿಯನ್ನು ಭೂಪಟದ ಎದುರುಪುಟದಲ್ಲಿ ಮೊದಲಿದ್ದಂತೆಯೇ ಇಟ್ಟೆ. ಅದರ ಕೆಳಗೆ 'ಮೇಲಚ್ಚು ನಕಲಿ' ಎಂದು ಪೆನ್ಸಿಲಿನಲ್ಲಿ ಬರೆದದ್ದು ಅಪ್ಪ ತೀರಿಕೊಂಡ ಮೇಲೆ.