ಸಂಶೋಧನಾ ಪ್ರಾಮಾಣಿಕತೆ

ಸಂಶೋಧನೆಯನ್ನು ಯೋಜಿಸುವಾಗ, ನಡೆಸುವಾಗ, ಬರೆಯುವಾಗ, ಪ್ರಕಟಿಸುವಾಗ ಸಂಶೋಧಕರು ಪಾಲಿಸಬೇಕಾದ ಸತ್ಯನಿಷ್ಠೆ. ಇಲ್ಲದ ದತ್ತಾಂಶವನ್ನು ಹುಟ್ಟುಹಾಕುವುದು, ಇರುವ ದತ್ತಾಂಶವನ್ನು ತಿರುಚುವುದು, ಇನ್ನೊಬ್ಬರ ಬರಹ ಮತ್ತು ವಿಚಾರಗಳನ್ನು ಹೆಸರು ಹೇಳದೆ ತನ್ನದಾಗಿಸಿಕೊಳ್ಳುವ ಕೃತಿಚೌರ್ಯ, ಈ ಮೂರು ಎಲ್ಲೆಡೆ ಘೋರ ಅಪರಾಧಗಳೆಂದು ಎಣಿಸಲ್ಪಟ್ಟಿವೆ. ದುಡಿಯದವರನ್ನು ಲೇಖಕರ ಪಟ್ಟಿಗೆ ಸೇರಿಸುವುದು, ದುಡಿದವರನ್ನು ಬಿಡುವುದು, ಒಂದೇ ಪ್ರಬಂಧವನ್ನು ಎರಡು ಕಡೆ ಅಚ್ಚು ಹಾಕಿಸುವುದು, ಹಣ ಕೊಟ್ಟವರ ಹೆಸರನ್ನು ಮುಚ್ಚಿಡುವುದು ಇವೂ ದೋಷಗಳೇ. ಕೈತಪ್ಪಿ ಆದ ಲೆಕ್ಕದ ದೋಷವಾಗಲಿ, ಅರ್ಥೈಸುವಿಕೆಯಲ್ಲಿನ ಭಿನ್ನಮತವಾಗಲಿ ಈ ಸಾಲಿಗೆ ಸೇರುವುದಿಲ್ಲ. ಓದುಗರು ಬರಹದಿಂದ ಹಿಂದಕ್ಕೆ ನಡೆದು ಅದರ ಮೂಲವನ್ನು, ಅದು ಶಾಸನದ ಕಲ್ಲಾಗಿರಲಿ, ಪ್ರಯೋಗಾಲಯದ ನೋಟ್‌ಬುಕ್ಕಾಗಿರಲಿ, ರೋಗಿಯ ಕಡತವಾಗಿರಲಿ, ತಲುಪಿ ಪರೀಕ್ಷಿಸುವಂತಿರಬೇಕು ಎಂಬುದೇ ಇದರ ತಿರುಳು.

ಕರ್ನಾಟಕದಲ್ಲಿ ಈ ಶಿಸ್ತು ನಿಯಮಾವಳಿಗಳಿಗಿಂತ ಹಳೆಯದು. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಶಾಸನಗಳ ಸಾರಾಂಶವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ಶಾಸನ ಇರುವ ಊರು, ಮೂಲಪಾಠ, ಲಿಪ್ಯಂತರ, ಅನುವಾದ ಎಲ್ಲವನ್ನೂ ಮುಂದಿಟ್ಟವು. ಆದ್ದರಿಂದಲೇ ರೈಸ್ ಓದಿದ್ದನ್ನು ಬೇರೆಯವರು ಪ್ರಶ್ನಿಸಲು ಸಾಧ್ಯವಾಯಿತು. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟಶಾಸನಗಳೆಂದು, ಎಂದರೆ ನಂತರದ ಕಾಲದವರು ಹಳೆಯ ರಾಜರ ಹೆಸರಿನಲ್ಲಿ ಹುಟ್ಟಿಸಿದ ದಾಖಲೆಗಳೆಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು. ಹೇಳಿದ ಕಾಲಕ್ಕೂ ಅಕ್ಷರಗಳ ರೂಪಕ್ಕೂ ಹೊಂದಿಕೆಯಿಲ್ಲ, ತಿಥಿ ವಾರಗಳ ಲೆಕ್ಕ ಕೂಡುವುದಿಲ್ಲ ಎಂಬವು ಅವರು ಒಡ್ಡಿದ ಆಧಾರಗಳು. ರೈಸ್ ಅವುಗಳಲ್ಲಿ ಹಲವನ್ನು ಸಮರ್ಥಿಸಿಕೊಂಡರು. ಯಾರ ಮಾತು ಎಷ್ಟು ಸರಿ ಎಂಬುದು ಬೇರೆ ಚರ್ಚೆ. ಇಬ್ಬರೂ ಒಂದೇ ಪಠ್ಯವನ್ನು ಎದುರಿಗಿಟ್ಟುಕೊಂಡು ವಾದಿಸಿದರು ಎಂಬುದು ಇಲ್ಲಿ ಮುಖ್ಯ.

ಉಡುಪಿ ಸೀಮೆಯಲ್ಲೂ ಇಂಥ ಎರಡು ದೊಡ್ಡ ಕೆಲಸಗಳು ನಡೆದಿವೆ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಪಿ. ಗುರುರಾಜ ಭಟ್ಟರು ತುಳುನಾಡಿನ ದೇವಸ್ಥಾನ, ವಿಗ್ರಹ, ಶಾಸನಗಳನ್ನು ಊರೂರು ತಿರುಗಿ ಕಣ್ಣಾರೆ ನೋಡಿ ದಾಖಲಿಸಿದರು. 1975ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಬೃಹದ್ಗ್ರಂಥದಲ್ಲಿ ಛಾಯಾಚಿತ್ರಗಳೂ ಸೇರಿವೆ. ಅವರ ಕಾಲನಿರ್ಣಯವನ್ನು ಒಪ್ಪದವರೂ ಆ ಚಿತ್ರಗಳನ್ನೇ ನೋಡಿ ವಾದಿಸಬಹುದು. ಇನ್ನೊಂದು, ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಸಿದ್ಧವಾಗಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು. 1886ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮ್ಯಾನರ್ ಅವರ ನಿಘಂಟಿನ ನಂತರದ ದೊಡ್ಡ ಪ್ರಯತ್ನವಿದು. ತುಳು ಜನಪದ ಹಾಡುಗಳಾದ ಪಾಡ್ದನಗಳಿಂದ, ಜನರ ಆಡುಮಾತಿನಿಂದ ಪದಗಳನ್ನು ಕಲೆಹಾಕಿ, ಪ್ರದೇಶ ಮತ್ತು ಸಮುದಾಯಗಳ ಭೇದಗಳನ್ನು ಗುರುತಿಸಿ ಕೊಟ್ಟಿದ್ದರಿಂದ ಅದರ ಮಾತನ್ನು ಇಂದಿಗೂ ಊರಿಗೆ ಹೋಗಿ ಪರೀಕ್ಷಿಸಬಹುದು. ಪಾಡ್ದನ ಹಾಡಿದವರ ಹೆಸರನ್ನು ದಾಖಲಿಸುವುದೂ ಪ್ರಾಮಾಣಿಕತೆಯ ಭಾಗ. ಜಾನಪದ ಸಂಶೋಧನೆಯಲ್ಲಿ ಆಗಾಗ ಮರೆತುಹೋಗುವ ಋಣ ಅದು.

ಈ ಪ್ರಾಮಾಣಿಕತೆ ಪ್ರಶ್ನೆಗೊಳಗಾದ ಇತ್ತೀಚಿನ ಮೂರು ಪ್ರಕರಣಗಳು ಬೆಂಗಳೂರಿನವು. ಮೂರರ ಸ್ವರೂಪವೂ ಬೇರೆ ಬೇರೆ. 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಬಂದ, ಸಿ.ಎನ್.ಆರ್. ರಾವ್ ಸಹಲೇಖಕರಾಗಿದ್ದ ಒಂದು ಪ್ರಬಂಧದಲ್ಲಿ ಬೇರೆ ಪ್ರಬಂಧದ ಕೆಲವು ವಾಕ್ಯಗಳು ಹಾಗೆಯೇ ಸೇರಿಕೊಂಡಿದ್ದವು. ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ಫಲಿತಾಂಶಗಳ ಬಗ್ಗೆ ತಕರಾರು ಇರಲಿಲ್ಲ, ಪ್ರಬಂಧವನ್ನು ಹಿಂತೆಗೆಯಲೂ ಇಲ್ಲ. 2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು, ಚಿನ್ನ ಬೆಳ್ಳಿಯ ಸೂಕ್ಷ್ಮ ಕಣಗಳಲ್ಲಿ ಸಾಮಾನ್ಯ ಉಷ್ಣಾಂಶ ಮತ್ತು ಒತ್ತಡದಲ್ಲೇ ಅತಿವಾಹಕತೆ ಕಂಡಿತೆಂದು ಪ್ರಕಟಣಾಪೂರ್ವ ಪ್ರಬಂಧ ಹಾಕಿದಾಗ ಜಗತ್ತು ಬೆರಗಾಯಿತು. ಅಮೆರಿಕದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಅದರ ನಕ್ಷೆಗಳನ್ನು ನೋಡುತ್ತ, ಬೇರೆ ಬೇರೆ ಅಳತೆಗಳ ಎರಡು ಗೆರೆಗಳಲ್ಲಿ ಏರಿಳಿತದ ಗದ್ದಲ ಒಂದೇ ತೆರನಾಗಿರುವುದನ್ನು ತೋರಿಸಿದರು. ಗದ್ದಲ ಯಾದೃಚ್ಛಿಕವಾಗಿರಬೇಕು, ಮರುಕಳಿಸಬಾರದು. ಲೇಖಕರು 2019ರಲ್ಲಿ ಹೆಚ್ಚಿನ ದತ್ತಾಂಶದೊಂದಿಗೆ ಪರಿಷ್ಕೃತ ಪ್ರಬಂಧ ಹೊರತಂದರು. ಮೂರನೆಯದು ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ್ದು. 2020ರಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಲ್ಲಿ ಬಂದ ಪ್ರಬಂಧದ ಚಿತ್ರಗಳ ಬಗ್ಗೆ ಓದುಗರು ಅನುಮಾನ ಎತ್ತಿದರು. ಸಂಸ್ಥೆ ವಿಚಾರಣೆ ನಡೆಸಿತು, ತಿರುಚಿರುವುದು ಖಚಿತವಾಯಿತು, 2021ರಲ್ಲಿ ಪ್ರಬಂಧವನ್ನು ಹಿಂತೆಗೆಯಲಾಯಿತು.

ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ ಹಿಡಿಯಬಲ್ಲದು. ಭಾರತದ ನಿಯಮಾವಳಿ ಹೆಚ್ಚಾಗಿ ನೆಚ್ಚಿಕೊಂಡಿರುವುದು ಅದನ್ನೇ ಎಂಬುದು ಚಿಂತೆಯ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇ. 10ರಿಂದ 40 ಇದ್ದರೆ ವಿದ್ಯಾರ್ಥಿ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಪ್ರಕಟಣೆಯಲ್ಲಿ ಶೇ. 60 ಮೀರಿದರೆ ಎರಡು ವಾರ್ಷಿಕ ವೇತನ ಬಡ್ತಿ ಕಡಿತ, ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನವಿಲ್ಲ. ಸತತ ಹದಿನಾಲ್ಕು ಪದಗಳವರೆಗಿನ ಸಾಮಾನ್ಯ ಮಾತುಗಳು ಲೆಕ್ಕಕ್ಕಿಲ್ಲ. ವಿಭಾಗ ಮಟ್ಟದಲ್ಲಿ ಒಂದು, ಸಂಸ್ಥೆಯ ಮಟ್ಟದಲ್ಲಿ ಒಂದು ಸಮಿತಿ ದೂರನ್ನು ವಿಚಾರಿಸುತ್ತದೆ. ಶೇಕಡಾವಾರು ಇಳಿಸುವುದಕ್ಕೆಂದೇ ಪದ ಬದಲಿಸಿ ಬರೆಯುವ ಅಭ್ಯಾಸ ಬೆಳೆದಿರುವುದು ಈ ಲೆಕ್ಕದ ಫಲ. ವಿಚಾರ ಕದ್ದು ವಾಕ್ಯ ಬದಲಿಸಿದವನು ಪಾರಾಗುತ್ತಾನೆ.

ಕನ್ನಡ ಮಹಾಪ್ರಬಂಧಗಳ ಪಾಡು ಇನ್ನೂ ಕಷ್ಟದ್ದು. ಶೋಧಗಂಗಾ ಭಂಡಾರಕ್ಕೆ ಸೇರಿದ ಹಳೆಯ ಕನ್ನಡ ಪ್ರಬಂಧಗಳಲ್ಲಿ ಹಲವು ಬರಿಯ ಸ್ಕ್ಯಾನ್ ಚಿತ್ರಗಳು. ಇನ್ನು ಹಲವು ಯುನಿಕೋಡಿಗೆ ಮುಂಚಿನ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪಾದವು. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಪುಟ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಅಂಥ ಪ್ರಬಂಧದಿಂದ ಅಧ್ಯಾಯವನ್ನೇ ಎತ್ತಿ ಯುನಿಕೋಡಿನಲ್ಲಿ ಮತ್ತೆ ಟೈಪು ಮಾಡಿದರೆ ವರದಿ ಶುದ್ಧವೆಂದೇ ಬರಬಹುದು. ಇಂಗ್ಲಿಷಿನಿಂದ ಅನುವಾದಿಸಿ ಸ್ವಂತದ್ದೆಂದು ಬರೆದದ್ದೂ ಸುಲಭವಾಗಿ ಸಿಗುವುದಿಲ್ಲ. ಆ ಕ್ಷೇತ್ರದಲ್ಲಿ ನಿಜಕ್ಕೂ ಓದಿಕೊಂಡ ಗೈಡ್ ಮತ್ತು ಮೌಲ್ಯಮಾಪಕರೇ ಇಲ್ಲಿ ಕಾವಲು. ಅವರು ಪ್ರಬಂಧವನ್ನು ಓದದೆ ಸಹಿ ಹಾಕಿದರೆ ಬೇರೆ ಕಾವಲಿಲ್ಲ.

ಮಣಿಪಾಲದಂಥ ವೈದ್ಯಕೀಯ ಕೇಂದ್ರದಲ್ಲಿ ವಿಷಯ ಬರಹವನ್ನು ದಾಟಿ ಜೀವಕ್ಕೆ ಮುಟ್ಟುತ್ತದೆ. 1953ರಲ್ಲಿ ಟಿ.ಎಂ.ಎ. ಪೈ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇಂದು 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಸಂಸ್ಥೆಯ ಭಾಗ. ರೋಗಿಗಳ ಮೇಲಿನ ಯಾವುದೇ ಅಧ್ಯಯನಕ್ಕೆ ನೈತಿಕತಾ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಔಷಧ ಪ್ರಯೋಗಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಫಲಿತಾಂಶ ಬಂದ ಮೇಲೆ ಉದ್ದೇಶವನ್ನೇ ಬದಲಿಸಿ ಹೇಳುವುದನ್ನು ಇದು ತಡೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಒಪ್ಪಿಗೆ ಪತ್ರ ಭಾಗಿಯಾಗುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದು ಬರಹ ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ ಇರಬೇಕು. ಓದುವುದು ಕನ್ನಡ, ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ ಆಗಿರುವ ಉಡುಪಿ ಜಿಲ್ಲೆಯಲ್ಲಿ ಪತ್ರಕ್ಕೆ ಸಹಿ ಪಡೆದರೆ ಸಾಲದು, ಕಾಪು ಕಾರ್ಕಳದಿಂದ ಬಂದ ಅಜ್ಜಿಗೆ ಅವರ ಮಾತಿನಲ್ಲೇ ಬಿಡಿಸಿ ಹೇಳಬೇಕು.

ತಪ್ಪಿನ ಬೇರು ಹಲವೊಮ್ಮೆ ಪ್ರಕಟಣೆಯ ಒತ್ತಡದಲ್ಲಿದೆ. ಪಿಎಚ್.ಡಿ.ಗೆ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ನಿಯಮವನ್ನು ಅನುದಾನ ಆಯೋಗ 2022ರಲ್ಲಿ ಕೈಬಿಟ್ಟಿತು. ಆದರೆ ಅಷ್ಟರೊಳಗೆ ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಮಾರುಕಟ್ಟೆ ಬೆಳೆದಿತ್ತು. 2018ರಲ್ಲಿ ಆಯೋಗ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಬಳಿಕ ಬಂದ ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಅದೇ ವರ್ಷ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆ ಹಿಂತೆಗೆದ ಪ್ರಬಂಧಗಳಿಗೆ ಅಂಕ ಕಳೆಯತೊಡಗಿತು. ಯಾವ ಪತ್ರಿಕೆ ಒಳ್ಳೆಯದೆಂದು ಗುರುತಿಸುವ ಹೊಣೆ ಈಗ ಆಯಾ ಸಂಸ್ಥೆಯದ್ದು. ಕನ್ನಡದ ಸಂಶೋಧನ ಪತ್ರಿಕೆಗಳ ಮಟ್ಟವನ್ನೂ ಪ್ರತಿ ವಿಶ್ವವಿದ್ಯಾಲಯ ತಾನೇ ಓದಿ ನಿರ್ಧರಿಸಬೇಕಾಗಿದೆ.