ನಾಟಿ ಚೆಂಡುಹೂವಿನ ಜಾತಕ

ದೀಪಾವಳಿಗೆ ಊರಿಗೆ ಹೋಗುವಾಗ ಕಡೂರಲ್ಲಿ ಬಸ್ ಬದಲಿಸಬೇಕಿತ್ತು. ಅಲ್ಲೇ ಎರಡು ಮಾರು ಹಳದಿ ಚೆಂಡುಹೂ ತಗೊಂಡೆ. ಅಜ್ಜಂಪುರದ ಅತ್ತೆ ಮೂಸಿ ನೋಡಿ, ‘ಹೈಬ್ರಿಡ್ಡು ಕಣೋ, ಬಾಗಿಲಿಗೆ ಕಟ್ಟು. ದೇವರಿಗೆ ಹಿತ್ತಲಲ್ಲಿ ನಾಟೀದಿದೆ’ ಅಂದರು. ಅವರ ನಾಟಿ ಅಂದ್ರೆ ಮೊಣಕಾಲುದ್ದದ ಗಿಡ, ಪುಟ್ಟ ಹೂ, ಕಡುಗೆಂಪು ಎಸಳಿಗೆ ಹಳದಿ ಅಂಚು. ಮದುವೆಯಾಗಿ ತರೀಕೆರೆಯಿಂದ ಬರುವಾಗ ತವರಿನಿಂದ ತಂದ ಬೀಜವಂತೆ.

ಈ ನಾಟಿಯ ಹೆಸರು ಟ್ಯಾಜೆಟಿಸ್ ಪ್ಯಾಟುಲ. ಇಂಗ್ಲಿಷಿನವರಿಗೆ ಇದು ‘ಫ್ರೆಂಚ್’ ಮಾರಿಗೋಲ್ಡ್, ನಾನು ಕೊಂಡ ದೊಡ್ಡ ಹೂ ‘ಆಫ್ರಿಕನ್’. ಎರಡೂ ಸುಳ್ಳು. ಎರಡರ ತವರೂ ಮೆಕ್ಸಿಕೊ, ಗ್ವಾಟೆಮಾಲದ ಕಡೆ. 16ನೇ ಶತಮಾನದಲ್ಲಿ ಸ್ಪೇನಿನವರ ಹಡಗಲ್ಲಿ ಬೀಜ ಯುರೋಪಿನ ಕೈತೋಟಗಳಿಗೆ ಹೋಯಿತು. 1542ರಲ್ಲಿ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಈ ಪುಟ್ಟ ಹೂವಿನ ಚಿತ್ರ ಹಾಕಿ ‘ಟ್ಯಾಜೆಟಿಸ್ ಇಂಡಿಕಾ’ ಅಂದುಬಿಟ್ಟ. ಆಗಿನ ಯುರೋಪಿಗೆ ಅಮೆರಿಕವೂ ಇಂಡೀಸೇ! ನಿಜವಾದ ಇಂಡಿಯಾಕ್ಕೆ ಇದನ್ನು ತಂದವರು ಪೋರ್ಚುಗೀಸರು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಅಂದಮೇಲೆ ತರೀಕೆರೆ ಪಕ್ಕದ ಅಮೃತಾಪುರವನ್ನು ನೆನೆಸಿಕೊಳ್ಳಿ. ವೀರಬಲ್ಲಾಳನ ದಂಡನಾಯಕ 1196ರಲ್ಲಿ ಅಲ್ಲಿ ಅಮೃತೇಶ್ವರನ ಗುಡಿ ಕಟ್ಟಿಸಿದಾಗ ದೇವರಿಗೆ ಚೆಂಡುಹೂವಿನ ಹಾರ ಹಾಕಲು ಸಾಧ್ಯವೇ ಇರಲಿಲ್ಲ. ಹೂ ಇನ್ನೂ ಸಮುದ್ರದ ಆಚೆ ಇತ್ತು. ಮೆಕ್ಸಿಕೊದವರು ಇವತ್ತಿಗೂ ನವೆಂಬರ್ ಮೊದಲ ವಾರ, ಹೆಚ್ಚುಕಮ್ಮಿ ನಮ್ಮ ದೀಪಾವಳಿ ಹೊತ್ತಿಗೇ, ಸತ್ತವರ ಹಬ್ಬಕ್ಕೆ ಚೆಂಡುಹೂ ಸುರಿಯುತ್ತಾರೆ.

ಅತ್ತೆಗೆ ಇದನ್ನೆಲ್ಲ ಹೇಳಿದೆ. ‘ಬಂದು ಎಷ್ಟು ವರ್ಷ ಆಯ್ತಂತೆ?’ ‘ನಾನೂರರ ಮೇಲೆ.’ ‘ನಾನು ಈ ಮನೆಗೆ ಬಂದು ನಲವತ್ತು. ಸುಮ್ನಿರು.’

ಇನ್ನೊಂದು ವಿಷಯ ಹೇಳುವ ಧೈರ್ಯ ಬರಲಿಲ್ಲ. ಅವರ ನಾಟಿಯೇ ಮೂಲದಲ್ಲಿ ಹೈಬ್ರಿಡ್ಡು. ತಲಾ 24 ಕ್ರೋಮೋಸೋಮಿನ ಎರಡು ಜಾತಿ ಬೆರೆತು 48ರ ಈ ಗಿಡ ಹುಟ್ಟಿತು ಅಂತಾರೆ ವಿಜ್ಞಾನಿಗಳು. ಅದಕ್ಕೆ ಬೀಜ ಕಟ್ಟುತ್ತದೆ. ಆದರೆ 24ರ ದೊಡ್ಡದನ್ನೂ 48ರ ಚಿಕ್ಕದನ್ನೂ ಮತ್ತೆ ಬೆರೆಸಿದರೆ 36ರ ಬಂಜೆ ಗಿಡ ಬರುತ್ತದೆ. ತೋಟಗಾರರು ಅದನ್ನು ಹೇಸರಗತ್ತೆಗೆ ಹೋಲಿಸುತ್ತಾರೆ. ಬೀಜಕ್ಕೆ ಶಕ್ತಿ ಹಾಕದೆ ಹೂ ಬಿಡುತ್ತಲೇ ಇರುತ್ತದೆ, ಪಾರ್ಕಿಗೆ ಚೆನ್ನ. ಮುಂದಿನ ವರ್ಷ ಮತ್ತೆ ಪ್ಯಾಕೆಟ್ ಕೊಳ್ಳಬೇಕು. ಹಿಂದೊಮ್ಮೆ ಬೆಂಗಳೂರಿಂದ ಅಂಥದ್ದೇ ಯಾವುದೋ ಪ್ಯಾಕೆಟ್ ಒಯ್ದು ಕೊಟ್ಟಿದ್ದೆ. ಅತ್ತೆ ಹೂ ಒಣಗಿಸಿ, ಮರುವರ್ಷ ಉದುರಿಸಿ, ಕಾದರು. ಒಂದೂ ಮೊಳೆಯಲಿಲ್ಲ.

ಈ ಸಲ ಹೊರಡುವಾಗ ಅವರೇ ಒಣಹೂ ನಾಲ್ಕನ್ನು ಪೇಪರಲ್ಲಿ ಸುತ್ತಿಕೊಟ್ಟರು. ಎರಡು ಬಾಲ್ಕನಿ ಕುಂಡಕ್ಕೆ ಹಾಕಿದ್ದೇನೆ, ಎರಡು ಹಾಗೇ ಇಟ್ಟಿದ್ದೇನೆ.