ವಸೋ ಗ್ರಾಮದ ಮರದ ಹವೇಲಿ

ಅಹಮದಾಬಾದಿಗೂ ವಡೋದರಕ್ಕೂ ಓಡಾಡುವ ನಮ್ಮಲ್ಲಿ ಖೇಡಾ ಜಿಲ್ಲೆಯ ವಸೋದಲ್ಲಿ ಇಳಿದವರು ವಿರಳ. 1922ರಲ್ಲಿ ಗಾಂಧೀಜಿಯವರ ಚಳವಳಿಗಾಗಿ ಸಂಸ್ಥಾನವನ್ನೇ ಕಳೆದುಕೊಂಡ ದರ್ಬಾರ್ ಗೋಪಾಲದಾಸ ದೇಸಾಯಿಯವರ ಹವೇಲಿ ಅಲ್ಲಿದೆ. ಕೆತ್ತನೆಯ ಕಂಬ, ಬೋದಿಗೆ, ನಡುವೆ ತೆರೆದ ಚೌಕ. ನಮ್ಮ ಮಲೆನಾಡಿನ ತೊಟ್ಟಿಮನೆಯ ನೆನಪಾಗದಿರದು.

ಆದರೆ ಮಲೆನಾಡಿನಂತೆ ಇಲ್ಲಿ ಹಿತ್ತಲಲ್ಲೇ ಕಾಡಿಲ್ಲ. ಈ ಬಯಲಿಗೆ ತೇಗ ದೂರದಿಂದ ಬರಬೇಕಿತ್ತು. ಆದ್ದರಿಂದ ದಿಮ್ಮಿ ಪೇರಿಸಿದ ಗೋಡೆಗಳಿಲ್ಲ. ಇಂಥ ಮನೆಗಳಲ್ಲಿ ಇಟ್ಟಿಗೆ ಗೋಡೆಯೊಳಗೆ ಅಡ್ಡತೊಲೆಗಳನ್ನು ಹುದುಗಿಸಿ ಬಿಗಿಯುವುದು ಗುಜರಾತಿ ಬಡಗಿಗಳ ಪದ್ಧತಿ. ನೆಲ ನಡುಗಿದರೆ ಮನೆ ಓಲಾಡುತ್ತದೆ, ಒಡೆಯುವುದಿಲ್ಲ. 2001ರ ಜನವರಿ 26ರಂದು ಅಹಮದಾಬಾದಿನಲ್ಲಿ ಹೊಸ ಕಾಂಕ್ರೀಟ್ ಮಹಡಿಗಳು ಕುಸಿದಾಗ ಹಳೇ ಪೇಟೆಯ ಪೋಳಗಳ ಮರದ ಮನೆಗಳು ಬಹುಮಟ್ಟಿಗೆ ನಿಂತವು. ಅಂಥವನ್ನೇ ಕಂಬಗಳ ಬೆಲೆಗಾಗಿ ಬಿಚ್ಚಿ ಮಾರುವುದನ್ನು ನಾವು ನೋಡುತ್ತಿದ್ದೇವೆ. ಕಂಬವೇನೋ ಯಾವುದೋ ಹೋಟೆಲಿನ ಅಲಂಕಾರಕ್ಕೆ ಹೋಯಿತು. ಅದು ಹೊತ್ತಿದ್ದ ಮನೆ?